ಸಂಪಾದಕರ ಉತ್ತರ: ಮಗಳಿದ್ದ ಶಿಶುಗೃಹಕ್ಕೆ ಹೋಗುವ ಮುನ್ನ

ನ್ಯೂಜೆರ್ಸಿಯ ಓದುಗರೊಬ್ಬರು (ಹೆಸರು ಬೇಡವೆಂದಿದ್ದಾರೆ) ಬರೆದಿದ್ದಾರೆ: "2018ರಲ್ಲಿ ಉತ್ತರ ಕರ್ನಾಟಕದ ಒಂದು ಶಿಶುಗೃಹದಿಂದ ಎರಡು ವರ್ಷದ ಮಗಳನ್ನು ದತ್ತು ಪಡೆದೆವು. ಈಗ ಅವಳೇ 'ನಾನಿದ್ದ ಮನೆ ನೋಡಬೇಕು' ಅನ್ನುತ್ತಿದ್ದಾಳೆ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತೇವೆ. ಅವಳ ಹುಟ್ಟುಹಬ್ಬವೂ ಆಗಲೇ. ಅಲ್ಲಿನ ಮಕ್ಕಳಿಗೆ ಊಟ ಹಾಕಿಸಿ, ಹಾಗೆಯೇ ಹೆತ್ತ ತಾಯಿಯ ಬಗ್ಗೆಯೂ ವಿಚಾರಿಸೋಣ ಎಂದಿದ್ದೇವೆ. ಅಜ್ಜಿ-ತಾತನೂ ಜೊತೆಗೆ ಬರುತ್ತಾರಂತೆ. ಏನೇನು ಸಿದ್ಧತೆ ಬೇಕು?"

ಮನೆ ನೋಡುವುದು, ಊಟ ಹಾಕಿಸುವುದು, ತಾಯಿಯ ಬಗ್ಗೆ ವಿಚಾರಿಸುವುದು: ಮೂರು ಕೆಲಸವನ್ನು ಒಂದೇ ದಿನಕ್ಕೆ ಗಂಟು ಹಾಕಿದ್ದೀರಿ. ಮಗಳು ಕೇಳಿದ್ದು ಮೊದಲನೆಯದನ್ನು ಮಾತ್ರ. ಈ ಸಲ ಅದಷ್ಟೇ ಇರಲಿ.

ಎರಡು ಮೂರು ತಿಂಗಳು ಮುಂಚೆಯೇ ಸಂಸ್ಥೆಗೆ ಪತ್ರ ಬರೆಯಿರಿ. ಅಮೆರಿಕದಲ್ಲಿ ನಿಮ್ಮ ದತ್ತು ಪ್ರಕ್ರಿಯೆ ನಡೆಸಿಕೊಟ್ಟ ಏಜೆನ್ಸಿಗೂ ಒಂದು ಪ್ರತಿ ಹೋಗಲಿ. ಪತ್ರದಲ್ಲಿ ಮಗಳ ಈಗಿನ ಹೆಸರಿಗಿಂತ ಮುಖ್ಯವಾದದ್ದು ಅಲ್ಲಿ ಇಟ್ಟಿದ್ದ ಹೆಸರು. ದಾಖಲಾತಿ ರಿಜಿಸ್ಟರಿನಲ್ಲಿರುವುದು ಆ ಹೆಸರೇ, ಆಯಾಗಳ ನೆನಪಿನಲ್ಲಿರುವುದೂ ಅದೇ. ಜೊತೆಗೆ ಹುಟ್ಟಿದ ತಾರೀಕು, ನಿಮ್ಮ ಕೈಸೇರಿದ ತಾರೀಕು, ದತ್ತು ಆದೇಶದ ಸಂಖ್ಯೆ ಬರೆಯಿರಿ. ಈಗ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿ. ಆದರೆ ಆ ವ್ಯವಸ್ಥೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಿಮ್ಮದು ಅದಕ್ಕೂ ಹಿಂದಿನದು, ಕೋರ್ಟಿನ ಆದೇಶ. ಪ್ರತಿ ಇಲ್ಲದಿದ್ದರೆ ಡಿಸಿ ಕಚೇರಿಗೆ ಅಲೆಯಬೇಡಿ. ಸಂಸ್ಥೆಯೇ ಮುಚ್ಚಿದೆ ಅಥವಾ ಬೇರೆ ಕಟ್ಟಡಕ್ಕೆ ಹೋಗಿದೆ ಎಂದು ಗೊತ್ತಾದರೆ ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವನ್ನು ಕೇಳಿ. ಹೊಸ ಕಟ್ಟಡವಾಗಿದ್ದರೆ ಮಗಳಿಗೆ ಮೊದಲೇ ಹೇಳಿಬಿಡಿ. ಫೋಟೊದಲ್ಲಿದ್ದ ನೀಲಿ ಗೇಟು ಅಲ್ಲಿಲ್ಲ ಎಂಬುದು ಗೇಟಿನ ಮುಂದೆ ನಿಂತಾಗ ಗೊತ್ತಾಗುವುದು ಬೇಡ.

ಅವಳನ್ನು ಎತ್ತಿ ಆಡಿಸಿದ ಆಯಾ ಇನ್ನೂ ಕೆಲಸದಲ್ಲಿದ್ದಾರಾ, ಆ ದಿನ ಅವರ ಪಾಳಿ ಯಾವುದು ಎಂದೂ ವಿಚಾರಿಸಿ. ಗುರುತಿರುವ ಒಬ್ಬರೇ ಒಬ್ಬರು ಸಿಕ್ಕರೂ ಭೇಟಿಗೆ ಬೇರೆಯೇ ತೂಕ ಬರುತ್ತದೆ. ಆಯಾ ಖುಷಿಯಲ್ಲಿ "ಅಯ್ಯ, ಬಂದಾಗ ಹಿಡಿಯಷ್ಟಿದ್ದಿ, ಎಷ್ಟ್ ಪುಣ್ಯಾ ಮಾಡಿದ್ದಿ" ಅನ್ನಬಹುದು. ಪ್ರೀತಿಯ ಮಾತೇ, ಆದರೆ ಹತ್ತು ವರ್ಷದ ಹುಡುಗಿಗೆ ಅದು "ನಿನ್ನನ್ನು ಉಳಿಸಿದರು" ಎಂದೂ ಕೇಳಿಸಬಹುದು. ನೀವು ಇಂಗ್ಲಿಷಿಗೆ ತರುವಾಗ ಆ ಪುಣ್ಯದ ಮಾತನ್ನು ನುಂಗಿಬಿಡಬೇಡಿ. ಹೇಳಿ, ಆಮೇಲೆ "ಪುಣ್ಯ ನಮ್ಮದು" ಎಂದು ಅಲ್ಲೇ ಸೇರಿಸಿ. "ನನ್ನ ಹೆಸರು...", "ನಾ ಎಲ್ಲಿ ಮಲಗುತ್ತಿದ್ದೆ?" ಎಂಬ ಎರಡು ವಾಕ್ಯ ಕನ್ನಡದಲ್ಲಿ ಅವಳಿಗೇ ಕಲಿಸಿಡಿ. ಎರಡನೆಯದನ್ನು ಕೇಳಿದರೆ ಆಯಾ ಕೈಹಿಡಿದು ಕರೆದೊಯ್ದು ತೊಟ್ಟಿಲಿದ್ದ ಮೂಲೆಯನ್ನೇ ತೋರಿಸುತ್ತಾರೆ.

ವಿಮಾನ ಇಳಿದ ಮೂರು ನಾಲ್ಕು ದಿನದ ನಂತರದ ಒಂದು ಬೆಳಗ್ಗೆ, ಹತ್ತೂವರೆಯ ಹೊತ್ತಿಗೆ ಹೋಗಿ. ಅಷ್ಟರಲ್ಲಿ ಕೂಸುಗಳ ಸ್ನಾನ, ಹಾಲು ಮುಗಿದಿರುತ್ತದೆ, ಮಧ್ಯಾಹ್ನ ಮಲಗಿಸುತ್ತಾರೆ. ಒಂದು ಗಂಟೆ ಸಾಕು. ಮನೆಯಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು ಇದ್ದರೆ ದಿನ ಮುಂದೂಡಿ, ಶಿಶುಗಳ ಕೋಣೆ ಅದು. ಅದೇ ಊರಿನಲ್ಲಿ ಎರಡು ರಾತ್ರಿ ಉಳಿಯಿರಿ. ಮೊದಲ ದಿನ ಅಮ್ಮನ ಸೆರಗು ಬಿಡದ ಮಗು ಮರುದಿನ ಪ್ರಶ್ನೆ ಕೇಳುವುದುಂಟು. ಗೇಟಿನ ಹತ್ತಿರ ಹೋಗಿ "ಬೇಡ" ಎಂದರೆ ಗಾಡಿ ತಿರುಗಿಸಿ. ಒಬ್ಬರು ಅವಳೊಡನೆ ಹೊರಬಂದರೆ ಇನ್ನೊಬ್ಬರು ಒಳಗೆ ಮಾತು ಮುಗಿಸಲಿ. ಈ ಒಳಗೆ-ಹೊರಗೆ ಸಲೀಸಾಗಲಿ ಎಂದೇ ಅಜ್ಜಿ-ತಾತ ಆ ಹೊತ್ತು ಲಾಡ್ಜಿನಲ್ಲಿದ್ದರೆ ಒಳ್ಳೆಯದು. ಐದು ಜನ ಒಟ್ಟಿಗೆ ನುಗ್ಗಿದರೆ ಅದು ಹೆಣ್ಣು ನೋಡುವ ಶಾಸ್ತ್ರದಂತಾಗುತ್ತದೆ.

ಅಲ್ಲಿರುವ ಬೇರೆ ಮಕ್ಕಳ ಫೋಟೊ, ವಿಡಿಯೊ ಬೇಡ. ಅವರ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಖಾಲಿ ತೊಟ್ಟಿಲು, ಜಗಲಿ, ಒಪ್ಪಿದರೆ ಆಯಾ ಜೊತೆ ಮಗಳು, ಇಷ್ಟು ಸಾಲದೇ?

ಇನ್ನು ಊಟದ ವಿಷಯ. ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಊಟ ಹಾಕಿಸುವುದು ಒಳ್ಳೆಯ ರೂಢಿಯೇ. ಆದರೆ ಇಲ್ಲಿ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದೇ ಜಗಲಿಯಲ್ಲಿ ಕೂತಿದ್ದವಳು ಈಗ ಕೇಕು ಹಂಚುವ ದಾನಿಯಾಗಿ ನಿಲ್ಲಬೇಕು. ಎದುರಿಗಿರುವವರು ತನ್ನಂತೆಯೇ ಇದ್ದ ಮಕ್ಕಳು. ಅಲ್ಲದೆ ದತ್ತು ಸಂಸ್ಥೆಯಲ್ಲಿರುವವರು ಹೆಚ್ಚಾಗಿ ಆರು ವರ್ಷದೊಳಗಿನವರು, ಹಲವರು ಹಾಲು ಕುಡಿಯುವ ಕೂಸುಗಳು; ಹೋಳಿಗೆ ಊಟ ಯಾರಿಗೆ? ಹಣ ಕೊಡುವುದಾದರೆ ಮಗಳ ಎದುರು ಲಕೋಟೆ ಚಾಚಬೇಡಿ, ತನಗೊಂದು ಬೆಲೆ ಇತ್ತೇ ಎಂದು ಆ ವಯಸ್ಸಿನ ಮಕ್ಕಳು ಯೋಚಿಸುತ್ತಾರೆ. ನಿಮ್ಮದು ಅಮೆರಿಕದ ಪಾಸ್‌ಪೋರ್ಟ್ ಆಗಿದ್ದರೆ ಇನ್ನೊಂದು ತೊಡಕು: ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿಯಿರುವ ಸಂಸ್ಥೆ ಮಾತ್ರ ಪಡೆಯಬಹುದು, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯ ಮೂಲಕ. ಇವೆರಡೂ ಇಲ್ಲದ ಕಡೆ ಪ್ರೀತಿಯಿಂದ ಕೊಟ್ಟು ಬಂದರೆ ಸಿಕ್ಕಿಬೀಳುವವರು ಅವರು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಡಲು ಈ ಅಡ್ಡಿಯಿಲ್ಲ.

ಹೆತ್ತ ತಾಯಿಯ ಬಗ್ಗೆ: ಸೂಪರಿಂಟೆಂಡೆಂಟರನ್ನು ಪಕ್ಕಕ್ಕೆ ಕರೆದು ಕೇಳುವ ವಿಷಯವಲ್ಲ ಇದು. ಮೂಲ ಹುಡುಕಾಟಕ್ಕೆ 2022ರ ದತ್ತು ನಿಯಮಗಳಲ್ಲಿ ಪ್ರತ್ಯೇಕ ದಾರಿಯಿದೆ. ಹದಿನೆಂಟು ತುಂಬುವವರೆಗೆ ಮಗು ಮತ್ತು ದತ್ತು ಪೋಷಕರು ಜಂಟಿಯಾಗಿ ಕಾರಾಕ್ಕೆ (ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ) ಅರ್ಜಿ ಹಾಕಬೇಕು, ತುಂಬಿದ ಮೇಲೆ ಅವಳೊಬ್ಬಳೇ ಹಾಕಬಹುದು. ಮೂರನೆಯವರ ಕೈಯಲ್ಲಿ ಹುಡುಕಿಸುವಂತಿಲ್ಲ. "ನಂಗೊತ್ತು, ಆ ಊರಿಗೇ ಕರಕೊಂಡು ಹೋಗ್ತೀನಿ" ಎನ್ನುವ ಕಾರು ಚಾಲಕರನ್ನೂ ನಂಬಬೇಡಿ. ಆ ಹೆಣ್ಣುಮಗಳು ತನ್ನ ಊರಿನಲ್ಲಿ ಯಾರಿಗೂ ಹೇಳದೆ ಬಾಳುತ್ತಿರಬಹುದು.

ಭೇಟಿಯಲ್ಲಿ ಕೇಳಬಹುದಾದ ವಿಷಯ ಬೇಕಷ್ಟಿದೆ: ಬಂದಾಗಿನ ತೂಕ, ಹೆಸರಿಟ್ಟವರು ಯಾರು, ಅಳುತ್ತಿದ್ದಳೇ, ಏನು ಕಂಡರೆ ಇಷ್ಟ. ಕಡತದಲ್ಲೇನಾದರೂ ತೋರಿಸುತ್ತಾರೆಂದರೆ ಮೊದಲು ನೀವಿಬ್ಬರೇ ಓದಿ. ಬಿಟ್ಟುಹೋದ ಮಗುವಾಗಿದ್ದರೆ ಪೊಲೀಸ್ ವರದಿ, ಪತ್ರಿಕಾ ಪ್ರಕಟಣೆ ಇರುತ್ತವೆ. ಸಿಕ್ಕ ಜಾಗ, ಸಿಕ್ಕ ಸ್ಥಿತಿ ಅದರಲ್ಲಿ ಒಣ ಸರ್ಕಾರಿ ಭಾಷೆಯಲ್ಲಿರುತ್ತದೆ. ಅದನ್ನು ಅವಳು ಅಪ್ಪ-ಅಮ್ಮನ ಬಾಯಲ್ಲಿ, ರಾತ್ರಿ ಹಾಸಿಗೆಯಲ್ಲಿ ಕೇಳಲಿ. ಆಫೀಸಿನ ಟೇಬಲ್ ಮುಂದೆ ಬೇಡ.

ಮರಳಿದ ಮೇಲೆ ಆಯಾ ಹೆಸರಿಗೆ ಒಂದು ಫೋಟೊ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿ. ಹಿಂಬದಿಯಲ್ಲಿ ಮಗಳ ಹಳೆಯ ಹೆಸರು, ಹೊಸ ಹೆಸರು ಎರಡೂ ಇರಲಿ, ಅವಳದೇ ಅಕ್ಷರದಲ್ಲಿ.