ಹೆಸರೇ ಕೇಳದ ಗಿಟಾರ್ ಕೊಳ್ಳಬಹುದಾ?

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಆಸೆ ಇದೆ ಸರ್. ದೊಡ್ಡ ಕಂಪನಿಯದು ನನ್ನ ಕೈಗೆಟುಕುವುದಿಲ್ಲ. ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಆಕಾರದ ಒಂದು ಗಿಟಾರ್ ಕಡಿಮೆ ಬೆಲೆಗೆ ಸಿಗುತ್ತಿದೆ, ಆದರೆ ಆ ಹೆಸರನ್ನು ನನ್ನ ಗೆಳೆಯರು ಯಾರೂ ಕೇಳಿಲ್ಲ. ಈಗ ತಗೊಂಡು ಆಮೇಲೆ ಒಂದೊಂದೇ ಭಾಗ ಬದಲಾಯಿಸಿದರೆ ಸಾಕಾ?

ಉತ್ತರ: ತಗೊಳ್ಳಿ. ಆದರೆ ಹೆಸರು ನೋಡಬೇಡಿ, ನೆಕ್ ನೋಡಿ, ಅಂದರೆ ಬೆರಳಿಡುವ ಉದ್ದನೆಯ ಕೊರಳು. ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಂತದ ಭಾಗ), ಟ್ಯೂನರ್ (ತಂತಿ ಬಿಗಿಸುವ ಕಿವಿ), ನಟ್ (ತಲೆಯ ಬುಡದ ಸಣ್ಣ ಪಟ್ಟಿ), ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ), ನಾಬ್ ಎಲ್ಲವನ್ನೂ ಸ್ಕ್ರೂಡ್ರೈವರ್ ಮತ್ತು ಸ್ವಲ್ಪ ಬೆಸುಗೆಯಲ್ಲಿ ಬದಲಾಯಿಸಬಹುದು. ನೆಕ್ ತಿರುಚಿದ್ದರೆ ಅಥವಾ ಅದರ ಮೇಲಿನ ಅಡ್ಡ ಲೋಹದ ಪಟ್ಟಿಗಳಾದ ಫ್ರೆಟ್‌ಗಳು ಏರುಪೇರಾಗಿದ್ದರೆ ಅದನ್ನು ಸರಿಮಾಡಿಸುವ ಖರ್ಚು ಗಿಟಾರ್‌ನ ಬೆಲೆಯನ್ನೇ ದಾಟಬಹುದು. ಆಮೇಲೆ ಯಾವ ಪಿಕಪ್ ಹಾಕಿದರೂ ಪ್ರಯೋಜನ ಇಲ್ಲ.

ನೋಡುವುದು ಹೀಗೆ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ತಲೆಯ ಕಡೆಯಿಂದ ನೆಕ್ ಉದ್ದಕ್ಕೂ ನೋಡಿ. ಎರಡೂ ಅಂಚು ಒಂದೇ ರೀತಿ ಹೋಗಬೇಕು, ಒಂದು ಕಡೆ ಮಾತ್ರ ವಾಲಿರಬಾರದು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಸುಮಾರು 0.25 ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಇದ್ದರೆ ಚೆನ್ನ. ಜಾಸ್ತಿ ಇದ್ದರೂ ಗಾಬರಿ ಬೇಡ, ಅದನ್ನು ಟ್ರಸ್ ರಾಡ್‌ನಿಂದ, ಅಂದರೆ ನೆಕ್ ಒಳಗಿರುವ ಲೋಹದ ಸರಳಿನಿಂದ ಸರಿಪಡಿಸಬಹುದು. ಆದರೆ ಆ ರಾಡ್‌ನ ತುದಿಯ ಬಿಗಿಸುವ ತಿರುಪು ತಿರುಗುತ್ತದಾ ಅಂತ ಅಂಗಡಿಯವರ ಕೈಯಲ್ಲೇ ಕಾಲು ಸುತ್ತು ತಿರುಗಿಸಿ ನೋಡಿಸಿ. ಅದು ಬಿಗಿದುಕೊಂಡು ಹೋಗಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಆಮೇಲೆ ಆರು ತಂತಿಯನ್ನೂ ಎಲ್ಲ ಫ್ರೆಟ್‌ಗಳಲ್ಲೂ ಒಂದೊಂದಾಗಿ ನುಡಿಸಿ. ಬೇಜಾರಿನ ಕೆಲಸ, ಆದರೂ ಬಿಡಬೇಡಿ. ಎಲ್ಲ ಕಡೆ ಸ್ವಲ್ಪ ಝರ್ ಅಂದರೆ ಅದು ಹೊಂದಾಣಿಕೆಯ ವಿಷಯ. ಒಂದೇ ಜಾಗದಲ್ಲಿ ಸ್ವರ ಸತ್ತುಹೋದರೆ ಮುಂದಿನ ಫ್ರೆಟ್ ಎದ್ದಿದೆ ಎಂದರ್ಥ. ಅಂಗೈಯನ್ನು ನೆಕ್ ಅಂಚಿನಲ್ಲಿ ಜಾರಿಸಿದಾಗ ಫ್ರೆಟ್‌ನ ತುದಿ ಸ್ವಲ್ಪ ಚುಚ್ಚಿದರೆ ಅದನ್ನು ಸಣ್ಣ ಅರದಿಂದ ಉಜ್ಜಿ ಸರಿಮಾಡಬಹುದು. ನಾಬ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಚಿಂತೆಯೇ ಬೇಡ, ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಹೆಸರಿನ ವಿಷಯ. ಗಿಟಾರ್ ತಲೆಯ ಮೇಲಿನ ಹೆಸರೂ ಅದನ್ನು ಮಾಡಿದ ಕಾರ್ಖಾನೆಯೂ ಎಷ್ಟೋ ಸಲ ಬೇರೆ ಬೇರೆ. ಕಾರ್ಟ್ ಗಿಟಾರ್‌ಗಳನ್ನು ಮಾಡುವ ಕಾರ್-ಟೆಕ್ ಸಂಸ್ಥೆ ಬೇರೆ ಹಲವು ಕಂಪನಿಗಳ ಹೆಸರಲ್ಲೂ ಗಿಟಾರ್ ಮಾಡಿಕೊಡುತ್ತದೆ. ಇನ್ನು ಅಗ್ಗದ ಸಾಮಾನು ಅಂದರೆ ಕೀಳು ನಾದ ಅನ್ನುವುದೂ ಸರಿಯಲ್ಲ. ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್ ವೇದಿಕೆಯಲ್ಲಿ ನುಡಿಸಿದ ಡ್ಯಾನ್‌ಎಲೆಕ್ಟ್ರೋ ಅನ್ನುವ ಅಗ್ಗದ ಗಿಟಾರ್‌ನ ಮುಂಭಾಗ, ಹಿಂಭಾಗ ಮ್ಯಾಸೊನೈಟ್ ಅನ್ನುವ ಒತ್ತುಹಲಗೆಯದು. ಪಿಕಪ್‌ಗಳು ಕೂತಿದ್ದು ಲಿಪ್‌ಸ್ಟಿಕ್ ಕೊಳವೆಯೊಳಗೆ.

ಪ್ರಶ್ನೆ: ನನ್ನ ಹೊಸ ಗಿಟಾರ್‌ನಲ್ಲಿ ಶ್ರುತಿ ನಿಲ್ಲುವುದೇ ಇಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಇಳಿದಿರುತ್ತದೆ. ಒಳ್ಳೆ ಟ್ಯೂನರ್ ಹಾಕಿಸಲಾ?

ಉತ್ತರ: ಈಗಲೇ ಬೇಡ. ಎಲ್ಲರೂ ಮೊದಲು ಟ್ಯೂನರ್ ಮೇಲೇ ಅನುಮಾನ ಪಡುತ್ತಾರೆ, ಆದರೆ ತಪ್ಪು ಬಹಳ ಸಲ ನಟ್‌ನಲ್ಲಿರುತ್ತದೆ. ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಆ ಸಣ್ಣ ಪಟ್ಟಿಯ ಗೀರುಗಳು ಬಿಗಿಯಾಗಿದ್ದರೆ ತಂತಿ ಸಿಕ್ಕಿಕೊಳ್ಳುತ್ತದೆ. ನೀವು ಶ್ರುತಿ ಮಾಡುವಾಗ "ಟಿಂಕ್" ಅನ್ನುವ ಸದ್ದು ಕೇಳಿಸುತ್ತದಲ್ವಾ? ಅದು ಸಿಕ್ಕಿಕೊಂಡ ತಂತಿ ಫಕ್ಕನೆ ಜಾರಿದ ಸದ್ದು. ಗೀರಿನೊಳಗೆ ಮೆತ್ತನೆ ಪೆನ್ಸಿಲ್‌ನಿಂದ ತೀಡಿ, ಆ ಕಪ್ಪು ಪುಡಿ ತಂತಿಯನ್ನು ಜಾರಿಸುತ್ತದೆ. ಅದರಿಂದ ಸುಧಾರಿಸಿದರೆ ರೋಗ ಗೊತ್ತಾಯಿತು, ಗೀರನ್ನು ತಂತಿಯ ದಪ್ಪಕ್ಕೆ ಸರಿಯಾಗಿ ಅರ ಹಾಕಿಸಿ, ಅಥವಾ ಮೂಳೆಯ ನಟ್ ಕೂರಿಸಿ.

ಅದಕ್ಕೂ ಮುಂಚೆ ಹೊಸ ತಂತಿ ಹಾಕಿ. ಹಾಕಿದ ಮೇಲೆ ಒಂದೊಂದನ್ನೂ ಬೆರಳಲ್ಲಿ ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಿ, ಇಳಿಯುವುದು ನಿಲ್ಲುವವರೆಗೂ ಹೀಗೇ ಮಾಡಿ. ಟ್ಯೂನರ್ ಕಂಬಕ್ಕೆ ಎರಡು ಮೂರು ಸುತ್ತು ಸಾಕು. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಿ. ಬ್ರಿಡ್ಜನ್ನು ಅಲುಗಿಸಿ ಸ್ವರ ಏರಿಳಿಸುವ ಟ್ರೆಮೊಲೊ ಹಿಡಿಕೆ ಬಳಸದವರಾದರೆ ಹಿಂದಿನ ಸ್ಪ್ರಿಂಗ್‌ಗಳನ್ನು ಬಿಗಿಮಾಡಿ, ಬ್ರಿಡ್ಜ್ ಬಾಡಿಗೆ ಅಂಟಿಕೊಂಡು ಕೂರಲಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಇಷ್ಟೆಲ್ಲ ಆದ ಮೇಲೂ ಟ್ಯೂನರ್‌ನ ಕಿವಿ ತಿರುಗಿಸಿದಾಗ ಅದು ಸಡಿಲವಾಗಿ ಆಡಿದರೆ ಆಗ ಟ್ಯೂನರ್ ಬದಲಾಯಿಸಿ.

ಪ್ರಶ್ನೆ: ಧ್ವನಿ ತೆಳು, ಕರ್ಕಶ. ಪಿಕಪ್, ಪಾಟ್ (ನಾಬ್ ಕೆಳಗಿರುವ ಧ್ವನಿ ನಿಯಂತ್ರಕ), ಬ್ರಿಡ್ಜ್ ಎಲ್ಲ ಒಟ್ಟಿಗೆ ತರಿಸಿಬಿಡೋಣ ಅಂತಿದ್ದೇನೆ.

ಉತ್ತರ: ಸ್ವಲ್ಪ ತಡೆಯಿರಿ. ಮೊದಲು ಇರುವುದನ್ನೇ ಹೊಂದಿಸಿ. ಹನ್ನೆರಡನೇ ಫ್ರೆಟ್ ಮೇಲೆ ತೆಳು ತಂತಿ 1.6, ದಪ್ಪ ತಂತಿ 2 ಮಿಲಿಮೀಟರ್ ಎತ್ತರ ಇರಲಿ. ಅದೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತದೆ ಬರೀ ಮುಟ್ಟಿ ಹೊರಡಿಸಿದ ಹಾರ್ಮೋನಿಕ್ ಸ್ವರವೂ ಒತ್ತಿ ನುಡಿಸಿದ ಸ್ವರವೂ ಒಂದೇ ಆಗುವವರೆಗೆ ಬ್ರಿಡ್ಜ್‌ನ ಸ್ಯಾಡಲ್, ಅಂದರೆ ಆ ತಂತಿ ಕೂರುವ ಸಣ್ಣ ತುಂಡನ್ನು ಸರಿಸಿ. ಒತ್ತಿದ ಸ್ವರ ಜಾಸ್ತಿ ಏರಿದ್ದರೆ ಸ್ಯಾಡಲ್ ಹಿಂದಕ್ಕೆ. ಆಮೇಲೆ ಪಿಕಪ್‌ನ ಎತ್ತರ. ತಂತಿಗೆ ತೀರಾ ಹತ್ತಿರ ಇದ್ದರೆ ಕರ್ಕಶವಾಗುತ್ತದೆ, ಕಾಂತ ತಂತಿಯನ್ನು ಎಳೆದು ಸ್ವರ ನಡುಗಿಸುವುದೂ ಉಂಟು. ಸ್ಕ್ರೂ ಒಂದೊಂದೇ ಸುತ್ತು ಇಳಿಸುತ್ತಾ ಕೇಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ವ್ಯತ್ಯಾಸ ಗೊತ್ತಾಗುತ್ತದೆ. ಜೊತೆಗೆ ನಿಮ್ಮ ಆಂಪ್ಲಿಫೈಯರ್ ಯಾವುದು ಅಂತ ಬರೆದಿಲ್ಲ. ಅದು ತೀರಾ ಚಿಕ್ಕದಾಗಿದ್ದರೆ ನನ್ನ ಪ್ರಕಾರ ಆ ದುಡ್ಡು ಅಲ್ಲಿಗೇ ಹೋಗಬೇಕು.

ಆಮೇಲೂ ಬೇಕು ಅನ್ನಿಸಿದರೆ ಪಿಕಪ್ ಹಾಕಿಸಿ, ಖಂಡಿತ ಖುಷಿಯಾಗುತ್ತದೆ. ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್) 250 ಕಿಲೋಓಮ್ ಪಾಟ್, ಎರಡು ಸುರುಳಿಯ ಹಂಬಕರ್‌ಗೆ 500 ಅನ್ನುವುದು ರೂಢಿ. ಆದರೆ ಆರ್ಡರ್ ಮಾಡುವ ಮುಂಚೆ ಸ್ಕೇಲ್ ಹಿಡಿದು ಅಳೆಯಿರಿ, ಯಾಕೆಂದರೆ ಅಗ್ಗದ ಗಿಟಾರ್‌ಗಳಲ್ಲಿ ಅಳತೆಗಳು ಬೇರೆ. ಒಳಗೆ ಚಿಕ್ಕ ಪಾಟ್ ಇದ್ದರೆ ಅದರ ತೂತಿಗೆ ದೊಡ್ಡ ಪಾಟ್ ತೂರುವುದಿಲ್ಲ, ತೂತನ್ನು ಸುಮಾರು 9.5 ಮಿಲಿಮೀಟರಿಗೆ ಅಗಲ ಮಾಡಬೇಕು. ಹಳೇ ಫೆಂಡರ್ ಅಳತೆಯ ಬ್ರಿಡ್ಜ್‌ನಲ್ಲಿ ತುದಿಯಿಂದ ತುದಿಗೆ ಸ್ಕ್ರೂಗಳ ಅಂತರ ಸುಮಾರು 56 ಮಿಲಿಮೀಟರ್, ನಿಮ್ಮದರಲ್ಲಿ 52 ಚಿಲ್ಲರೆ ಇರಬಹುದು. ಬಾಡಿ ತೆಳುವಾಗಿದ್ದರೆ ಬ್ರಿಡ್ಜ್ ಕೆಳಗಿನ ಉದ್ದನೆಯ ಉಕ್ಕಿನ ಬ್ಲಾಕ್ ಹಿಂದೆ ಹೊರಗೆ ಚಾಚಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಗುಂಯ್ ಅನ್ನುವ ಸದ್ದು. ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ. ಕೆಟ್ಟಿದೆಯಾ?

ಉತ್ತರ: ಇಲ್ಲ, ಬ್ರಿಡ್ಜ್‌ನ ಗ್ರೌಂಡ್ (ಅರ್ತ್) ವೈರ್ ಸರಿಯಾಗಿದೆ ಅಂತ ಅರ್ಥ. ಮುಟ್ಟಿದಾಗ ಜಾಸ್ತಿಯಾದರೆ ಮಾತ್ರ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿದೆಯಾ ನೋಡಿ. ಪಿಕಪ್, ಪಾಟ್ ಕೂರುವ ಬಾಡಿಯ ಒಳಗಿನ ಕುಳಿಗೆ ತಾಮ್ರದ ಟೇಪ್ ಅಂಟಿಸಿ ಅದನ್ನು ಗ್ರೌಂಡ್‌ಗೆ ಜೋಡಿಸಿದರೆ ಸದ್ದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸಿಂಗಲ್ ಕಾಯಿಲ್‌ನ ಸ್ವಭಾವವೇ ಅದು.

ಪ್ರಶ್ನೆ: ಮುಂದೆ ಮಾರಿದರೆ ಹಾಕಿದ ದುಡ್ಡು ವಾಪಸ್ ಬರುತ್ತದಾ?

ಉತ್ತರ: ಬರುವುದಿಲ್ಲ. ಕೊಳ್ಳುವವರು ಹೆಸರಿಗೇ ಬೆಲೆ ಕಟ್ಟುತ್ತಾರೆ. ಹಾಗಾಗಿ ಬಿಚ್ಚಿದ ಹಳೇ ಭಾಗಗಳನ್ನು ಸ್ಕ್ರೂ ಸಮೇತ ಒಂದು ಡಬ್ಬಿಯಲ್ಲಿಡಿ. ಮಾರುವಾಗ ಅವನ್ನೇ ಹಾಕಿ ಕೊಡಿ, ಒಳ್ಳೆಯ ಪಿಕಪ್, ಟ್ಯೂನರ್ ಮುಂದಿನ ಗಿಟಾರಿಗೆ ಬರುತ್ತವೆ, ಅದಕ್ಕೂ ಅಳತೆ ಹೊಂದಿದರೆ.