ಹದಿಮೂರನೇ ತಟ್ಟೆ

ನಮಸ್ಕಾರ. ನಿಮ್ಮ ಹಸ್ತಪ್ರತಿ ಓದಿ ಮುಗಿಸಿದೆ. 'ಸ್ಲೀಪಿಂಗ್ ಬ್ಯೂಟಿ' ಕಥೆಯನ್ನು ಹದಿಹರೆಯದವರಿಗೆ ಫ್ಯಾಂಟಸಿ ಕಾದಂಬರಿ ಮಾಡಿದ್ದೀರಿ. ಈಗಿರುವ ಹಾಗೆ ನಾವು ಇದನ್ನು ಪ್ರಕಟಿಸುವುದಿಲ್ಲ. ಕೊನೆಯ ಸಾಲಿಗೆ ಕಣ್ಣು ಹಾಯಿಸುವ ಕಷ್ಟ ಬೇಡ ಅಂತ ಮೊದಲೇ ಹೇಳಿಬಿಟ್ಟೆ.

ಬರವಣಿಗೆ ಓದಿಸಿಕೊಂಡು ಹೋಗುತ್ತದೆ. ಮಾಯಾಮಂತ್ರ ಮಾತ್ರ ಜಾಸ್ತಿಯಾಯಿತು. ಮೂರು ಡ್ರ್ಯಾಗನ್, ಎರಡು ಮಾಯದ ಕತ್ತಿ, ಮಾತಾಡುವ ಒಂದು ಕನ್ನಡಿ. (ಕನ್ನಡಿ ಬೇರೆ ಕಥೆಯದು, ಅಲ್ವಾ?) ಇಷ್ಟೆಲ್ಲ ಒಳಗೆ ತಂದು, ಮೂಲದಲ್ಲೇ ಇದ್ದ ಒಳ್ಳೆಯದನ್ನು ಹೊರಗೆ ಬಿಟ್ಟಿದ್ದೀರಿ.

ಜರ್ಮನಿಯ ಜನಪದ ಕಥೆ ಸಂಗ್ರಹಿಸಿದ ಗ್ರಿಮ್ ಸಹೋದರರ ಕಥೆಯನ್ನು ಇನ್ನೊಮ್ಮೆ ಓದಿ. ರಾಜನಿಗೆ ಮಗಳು ಹುಟ್ಟಿದ ಸಂಭ್ರಮದ ಔತಣ. ನಾಡಿನಲ್ಲಿ ಮಂತ್ರ ಬಲ್ಲ ಹೆಂಗಸರು 13. ಅರಮನೆಯಲ್ಲಿ ಚಿನ್ನದ ತಟ್ಟೆ 12. ಹಾಗಾಗಿ ಒಬ್ಬಳಿಗೆ ಕರೆ ಹೋಗಲಿಲ್ಲ. ಹುಡುಗಿ 15ನೇ ವರ್ಷಕ್ಕೆ ಕದಿರು ಚುಚ್ಚಿ ಸಾಯಲಿ ಅಂತ ಅವಳು ಶಪಿಸಿದಳು; ಇನ್ನೊಬ್ಬಳು ಆ ಸಾವನ್ನು 100 ವರ್ಷದ ನಿದ್ದೆಗೆ ಇಳಿಸಿದಳು. ಶಾಪ ಹುಟ್ಟಿದ್ದು ಒಂದು ತಟ್ಟೆಗೆ! ಮದುವೆಗೆ ಸರಿಯಾಗಿ ಕರೆಯಲಿಲ್ಲ ಅಂತ ವರ್ಷಗಟ್ಟಲೆ ಮಾತು ಬಿಟ್ಟ ಅತ್ತೆಯೋ ಚಿಕ್ಕಪ್ಪನೋ ನಮ್ಮ ಎಲ್ಲರ ಮನೆಯಲ್ಲೂ ಇದ್ದಾರೆ. ಆ ಸಿಟ್ಟು ಓದುಗರಿಗೆ ಗೊತ್ತು. ನಿಮ್ಮ ಮಾಟಗಾತಿ ಸುಮ್ನೆ ಹುಟ್ಟಾ ಕೆಟ್ಟವಳು. ಅವಳ ತಟ್ಟೆ ಅವಳಿಗೆ ವಾಪಸ್ ಕೊಡಿ.

ಇನ್ನು ಕದಿರಿನ ವಿಷಯ, ಅಂದರೆ ನೂಲು ತೆಗೆಯುವ ಚೂಪು ಕಡ್ಡಿಯದು. ಮಗಳಿಗೆ ಚುಚ್ಚೀತು ಎಂಬ ಹೆದರಿಕೆಯಿಂದ ರಾಜ ನಾಡಿನ ಕದಿರುಗಳನ್ನೆಲ್ಲ ಸುಡಿಸುತ್ತಾನೆ. ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ನಾನು ಅಲ್ಲೇ ನಿಂತೆ. ಕದಿರಿಲ್ಲದೆ ನೂಲಿಲ್ಲ, ನೂಲಿಲ್ಲದೆ ಬಟ್ಟೆಯಿಲ್ಲ. ಹುಡುಗಿಗೆ 15 ತುಂಬುವ ತನಕ ಆ ಜನ ಏನು ಉಟ್ಟರು? ಉಣ್ಣೆ, ಅಗಸೆ ನಾರು ನೂಲಿ ಹೊಟ್ಟೆ ಹೊರೆಯುತ್ತಿದ್ದ ಹೆಂಗಸರು ಏನಾದರು? ಗಡಿಯಾಚೆಯಿಂದ ಕದ್ದು ನೂಲು ತಂದವರು ಯಾರು? ದಾದಿಯ ಅಂಗಿಗೆ ತೇಪೆಯ ಮೇಲೆ ತೇಪೆ, ತನಗೆ ಮಾತ್ರ ವರ್ಷಕ್ಕೊಂದು ಹೊಸ ಉಡುಪು ಯಾಕೆ ಅಂತ ಈ ಹುಡುಗಿ ಒಮ್ಮೆಯೂ ಕೇಳಲಿಲ್ಲವೇ? ಗೋಪುರದ ಮುದುಕಿಯ ಕೈಯಲ್ಲಿ ಕದಿರು ಕಂಡಾಗ ಅವಳು ಕೇಳುವುದು, ಹೀಗೆ ಕುಣಿಯುತ್ತಿರುವುದು ಏನು ಅಂತ. ದೊಡ್ಡವರೆಲ್ಲ ಸೇರಿ ಮುಚ್ಚಿಟ್ಟದ್ದನ್ನು ಕಂಡ ಕೂಡಲೇ ಮುಟ್ಟುತ್ತಾಳೆ. ನಿಮ್ಮ ಕಾದಂಬರಿ ಇರುವುದು ಅಲ್ಲಿ.

ಹುಡುಗಿಯ ಜೊತೆ ಇಡೀ ಅರಮನೆ ನಿದ್ದೆಹೋದ ಮೇಲೆ ಸುತ್ತ ಬೆಳೆದ ಮುಳ್ಳುಬೇಲಿಯನ್ನು ರಾಜಕುಮಾರ ಕಡಿಯುವುದಕ್ಕೆ 40 ಪುಟ ಕೊಟ್ಟಿದ್ದೀರಿ. ಮೂಲದಲ್ಲಿ ಅವನು ಏನೂ ಕಡಿಯುವುದಿಲ್ಲ. ಅವತ್ತಿಗೆ 100 ವರ್ಷ ಮುಗಿದಿತ್ತು. ಬೇಲಿ ಹೂಬಿಟ್ಟು ತಾನೇ ದಾರಿ ಬಿಟ್ಟಿತು. ಮುಂಚೆ ಬಂದವರು ಅದೇ ಮುಳ್ಳಿಗೆ ಸಿಕ್ಕಿ ಸತ್ತಿದ್ದರು. ಇವನ ಅದೃಷ್ಟ, ಅಷ್ಟೇ. ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಪ್ರಕಟಿಸಿದ ಇದೇ ಕಥೆಯಲ್ಲಂತೂ ಮುತ್ತೂ ಇಲ್ಲ. ಅವನು ಮಂಡಿಯೂರುತ್ತಾನೆ, ಅವಳು ಎಚ್ಚರಗೊಳ್ಳುತ್ತಾಳೆ. ನಿಮ್ಮ ಮುತ್ತಿನ ದೃಶ್ಯ ಅವಸರದಲ್ಲಿ ಬರೆದಂತಿದೆ. ನಿಮಗೂ ಮುಜುಗರವಾಗಿರಬೇಕು. ತೆಗೆದುಬಿಡಿ.

ಏಳನೇ ಅಧ್ಯಾಯದ ಅಡುಗೆಮನೆ ಹುಡುಗ ಮಾತ್ರ ಮನಸ್ಸಿನಲ್ಲಿ ಉಳಿದ. ಅಡುಗೆಯವನು ಎತ್ತಿದ ಕೈ 100 ವರ್ಷ ಹಾಗೇ ನಿಂತು, ಎಚ್ಚರವಾದ ಕೂಡಲೇ ಏಟು ಬೀಳುವುದು ಹಳೆಯ ಕಥೆಯಲ್ಲೇ ಇದೆ. ಅದನ್ನು ಹುಡುಗನ ಕೆನ್ನೆಯ ಕಡೆಯಿಂದ ಬರೆದದ್ದು ನಿಮ್ಮದು. ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಅವನು ವಾರ್ತೆ ಓದುವವರ ಹಾಗೆ ಮಾತಾಡುತ್ತಾನೆ. 'ನಾನು ಹಸಿವಿನಿಂದ ಬಳಲುತ್ತಿದ್ದೇನೆ' ಅಂತ ಯಾವ ಹುಡುಗ ಹೇಳುತ್ತಾನೆ? ಹಿಮ ಬೀಳುವ ಆ ಕೋಟೆಯಲ್ಲಿ ಕರಿಬೇವಿನ ಒಗ್ಗರಣೆ ಹೇಗೆ ಬಂತು ಅನ್ನುವುದನ್ನೂ ನೋಡಿಕೊಳ್ಳಿ.

ಇಡೀ ಕಾದಂಬರಿಯನ್ನು ತಿದ್ದಿ ಕಳಿಸಬೇಡಿ. ಕದಿರು ಸುಟ್ಟ ದಿನದ ಒಂದು ಅಧ್ಯಾಯ ಬರೆಯಿರಿ, ಯಾರೋ ಒಬ್ಬ ನೂಲುವವಳ ಮನೆಯಿಂದ ಶುರುಮಾಡಿ. ಹತ್ತು ಪುಟ ಸಾಕು. ಡ್ರ್ಯಾಗನ್ ಬೇಡ.