ಫ್ಲಾರೆನ್ಸ್‌ನಲ್ಲಿ ಗುಮ್ಮಟವೋ, ಗಂಟೆಗೋಪುರವೋ?

ಫ್ಲಾರೆನ್ಸ್‌ನಲ್ಲಿ ಒಂದೇ ದಿನ ಇದೆ, ಅಮ್ಮನೂ ಜೊತೆಗಿದ್ದಾರೆ, ದೊಡ್ಡ ಚರ್ಚಿನ ಗುಮ್ಮಟ ಹತ್ತೋಣವೋ ಪಕ್ಕದ ಗಂಟೆಗೋಪುರವೋ ಅಂತ ಕೇಳಿದ್ದೀರಿ ಅಲ್ವಾ? ಅಮ್ಮ ಇದ್ದರೆ ಗೋಪುರವೇ ಸರಿ. ಎರಡಕ್ಕೂ ಲಿಫ್ಟ್ ಇಲ್ಲ. ಗುಮ್ಮಟಕ್ಕೆ 463 ಮೆಟ್ಟಿಲು, ಗೋಪುರಕ್ಕೆ 414, ಆದರೆ ಗೋಪುರದಲ್ಲಿ ನಡುನಡುವೆ ಅಂತಸ್ತುಗಳಿವೆ, ನಿಂತು ಸುಧಾರಿಸಿಕೊಂಡು ನಿಧಾನಕ್ಕೆ ಹತ್ತಬಹುದು. ಮೇಲೆ ಹೋದರೆ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಕಟ್ಟಿದ ಆ ಕೆಂಪು ಹೆಂಚಿನ ಗುಮ್ಮಟ ಕಣ್ಣೆದುರೇ!

ನೀವೊಬ್ಬರೇ ಆಗಿದ್ದರೆ ಗುಮ್ಮಟವನ್ನೇ ಹೇಳುತ್ತಿದ್ದೆ. 1436ರಲ್ಲಿ ಮುಗಿದ ಅದಕ್ಕೆ ಒಳಗೊಂದು ಹೊರಗೊಂದು ಎರಡು ಪದರ, ಆ ನಡುವಿನ ಇಕ್ಕಟ್ಟಿನಲ್ಲೇ ಗೋಡೆಗೆ ಭುಜ ತಾಗಿಸಿಕೊಂಡು ಹತ್ತಬೇಕು, ಮೀನಿನ ಮುಳ್ಳಿನ ಹಾಗೆ ಜೋಡಿಸಿದ ಇಟ್ಟಿಗೆಗಳು ತೀರಾ ಹತ್ತಿರದಿಂದ ಕಾಣುತ್ತವೆ. ಅದಕ್ಕೆ ಹೋಗುವುದಾದರೆ ಸಮಯ ನೋಡಿಕೊಂಡು ಮೊದಲೇ ಬುಕ್ ಮಾಡಿ.